ಫುಕಟ್ ಊರಿನ ಮಾಸ್ತರ

ಕುಳ್ಳಿರಿಸಿದ್ದ ಹೆಣದ ತಲೆ ಮತ್ತೆ ವಾಲಿತು. ಬಸವಣಪ್ಪ ಅಣ್ಣನ ಗದ್ದ ಎತ್ತಿಹಿಡಿದು ಹಣೆಗೆ ಇನ್ನಷ್ಟು ವಿಭೂತಿ ಮೆತ್ತಿದ. ಬದುಕಿದ್ದಾಗಲೂ ನೆಟ್ಟಗೆ ಕೂತವನಲ್ಲ. ಸಂತೆಯಿಂದ ತಂದ ಹರಕು ಪುಸ್ತಕದ ಮೇಲೆ ಸದಾ ಬಾಗಿರುತ್ತಿದ್ದ.

"ಮಹಾರುದ್ರಪ್ಪ ಮಾಸ್ತರ ಹುಮನಾಬಾದ ದಾಟಿದಾಂವಲ್ಲ," ಎಂದ ಕಿರಾಣಿ ಅಂಗಡಿಯ ಬಕ್ಕಪ್ಪ, "ಆಫ್ರಿಕಾದ ಓಣಿ ಓಣಿ ಗೊತ್ತಿತ್ತು ನೋಡ್ರಿ!"

"ಮನ್ಯಾಗ ಜೋಳ ಅದನೋ ಇಲ್ಲೋ, ಅದೊಂದು ಗೊತ್ತಿರಲಿಲ್ಲ," ಎಂದ ಬಸವಣಪ್ಪ.

ಕೂತವರು ಮುಸಿಮುಸಿ ನಕ್ಕರು. ಬಸವಣಪ್ಪನ ಕಣ್ಣು ಮಾತ್ರ ಆಳುಗಳು ಬರುವ ಹಿತ್ತಲ ಬಾಗಿಲ ಮೇಲಿತ್ತು. ಈ ಮನೆಯ ಹೆಣಕ್ಕೆ ಕುಣಿ ತೋಡುವುದು ಮನೆಯ ಜೀತದಾಳು. ಈಗಿನ ಆಳು ಮಾಣಿಕಪ್ಪನ ಅಪ್ಪ, ಅಜ್ಜ ಎಲ್ಲರೂ ತೋಡಿದ್ದರು. ಆದರೆ ಅಣ್ಣನ ಸಂಜೆ ಶಾಲೆ ಸೇರಿದ ಮೇಲೆ ಮಾಣಿಕಪ್ಪ ಒಂದೇ ಕೂಗಿಗೆ ಓಗೊಡುತ್ತಿರಲಿಲ್ಲ. ಸರಕಾರ ಜೀತ ತೆಗೆದುಹಾಕಿದೆಯೆಂದು ಪೇಪರಿನಲ್ಲಿ ಬಂದು ನಾಲ್ಕು ತಿಂಗಳಾಗಿತ್ತು. ಅವನು ಬಿಟ್ಟುಹೋದರೆ ಈ ಬಿತ್ತನೆಗೆ ಹೊಲಕ್ಕಿಳಿಯುವವರು ಯಾರು?

*

ಹೋದ ಚಳಿಗಾಲ ಮಾಣಿಕಪ್ಪನನ್ನು ಎಳೆದು ತರಲೆಂದೇ ಬಸವಣಪ್ಪ, ಅಣ್ಣನ ಶಾಲೆ ನಡೆಯುವ ಬೇವಿನ ಕಟ್ಟೆಗೆ ಹೋಗಿದ್ದ. ಅಣ್ಣ ಹಲಗೆಯ ಮೇಲೆ 'ಫ್ರೀಟೌನ್, ಸಿಯೆರಾ ಲಿಯೋನಿನ ರಾಜಧಾನಿ' ಎಂದು ಬರೆದಿದ್ದ.

"ಫ್ರೀ ಅಂದ್ರ ಫುಕಟ್ ಅಲ್ಲೇನ್ರಿ ಮಾಸ್ತರ? ಅಲ್ಲಿ ಜ್ವಾಳಾನೂ ಫುಕಟೇನ್ರಿ?" ಎಂದು ಮಾಣಿಕಪ್ಪ ಕೇಳಿದ.

ಎಲ್ಲರೂ ನಕ್ಕರು. ಮರುದಿನ 'ಫುಕಟ್ ಊರಿನ ಮಾಸ್ತರ' ಎಂಬ ಹೆಸರನ್ನು ಊರಿಗೆಲ್ಲ ಹಂಚಿದವನು ಬಸವಣಪ್ಪನೇ.

ಅಣ್ಣ ನಕ್ಕಿರಲಿಲ್ಲ. "ಫುಕಟ್ ಅಲ್ಲೋ. ಗುಲಾಮಗಿರಿ ಬಿಟ್ಟು ಬಂದವರ ಊರು. ಸಾವಿರದ ಏಳ್ನೂರ ತೊಂಬತ್ತೆರಡರಾಗ ಹಡಗ ಇಳದು, ಬೂರುಗದ ಗಿಡದ ಬುಡಕ ನಿಂತು ಹಾಡಿದ್ರಂತ. ಆಮ್ಯಾಲೆ ಮನಿ ಕಟ್ಟಿದ್ರು."

"ಅವ್ರನ್ನ ಯಾರು ಬಿಟ್ರು?" ಎಂದ ಮಾಣಿಕಪ್ಪ.

"ಬಿಡ್ತಾರಂತ ಕುಂತಿದ್ರ ಇನ್ನೂ ಅಲ್ಲೇ ಇರ್ತಿದ್ರು."

*

ಮಾಣಿಕಪ್ಪ ಮೊಳಕಾಲುದ್ದ ಮಣ್ಣು ಮೆತ್ತಿಕೊಂಡು ತಲೆಬಾಗಿಲಿನಿಂದಲೇ ಒಳಗೆ ಬಂದ.

"ಈ ಬಾಗಲ್ದಾಗ ಯಾಕ ಬಂದ್ಯೋ?" ಎಂದ ಬಸವಣಪ್ಪ.

"ಮಾಸ್ತರ್ನ ನೋಡಾಕ್ರಿ." ಹೆಣದ ಪಾದ ಮುಟ್ಟಿ ಎದ್ದ. "ಕುಣಿ ತೋಡೇನಿ. ಅವರ ಸಲುವಾಗಿ ತೋಡೇನಿ, ಸಾವಕಾರ್ರ. ನಿಮ್ಮ ಮನಿಗಿ ಇನ್ನ ಬರಂಗಿಲ್ಲ."

"ಎಲ್ಲಿ ಹೊಂಟಿ? ಆಫ್ರಿಕಾಕ್ಕೇನು?"

ಬಕ್ಕಪ್ಪ ಜೋರಾಗಿ ನಕ್ಕ.

"ದುಬಲಗುಂಡಿಗ್ರಿ," ಎಂದ ಮಾಣಿಕಪ್ಪ. "ಹೆಂಡ್ತಿ ತವರಮನಿ."

ಅಣ್ಣನ ಮಣ್ಣು ಮುಗಿಸಿ ಬರುವಷ್ಟರಲ್ಲಿ ಮಾಣಿಕಪ್ಪನ ಗುಡಿಸಲು ಬರಿದಾಗಿತ್ತು. ಕೊಟ್ಟಿಗೆಯಲ್ಲಿ ಎತ್ತುಗಳು ನೀರಿಲ್ಲದೆ ಒದರುತ್ತಿದ್ದವು. ಬಸವಣಪ್ಪ ತಾನೇ ಹಗ್ಗ ಬಿಚ್ಚಿ, ನೀರು ಕುಡಿಸಿ, ಬಿಳಿ ಎತ್ತನ್ನು ಎಡಗಡೆಯ ಗೂಟಕ್ಕೆ ಎಳೆದ. ಅದು ಕಾಲೂರಿ ನಿಂತಿತು. ಮತ್ತೆ ಎಳೆದ. ಎತ್ತು ತಲೆ ಕೊಡವಿ, ಅವನನ್ನು ಸುತ್ತುಹಾಕಿ, ಮಾಣಿಕಪ್ಪ ದಿನಾ ಕಟ್ಟುತ್ತಿದ್ದ ಬಲಗಡೆಯ ಗೂಟದ ಬಳಿ ನಿಂತು, ಕಟ್ಟಲೆಂದು ಕೊರಳು ಮುಂದಕ್ಕೆ ಚಾಚಿತು.