ಕಾಣದ ಸಿಂಹಕ್ಕೆ ಒಂದು ಟಗರು

‘ಸಿಂಹ ನೋಡಿಲ್ಲ ಅಂತ ಅಪ್ಪಗ ನಾಳೆ ಹೇಳಬೇಕು’ ಎಂದು ಕನಕಮ್ಮ ಡೈರಿಯಲ್ಲಿ ಬರೆದುಕೊಂಡಳು. ಹಿಂದಿನ ಹದಿನಾಲ್ಕು ಪುಟಗಳ ಕೊನೆಯಲ್ಲೂ ಇದೇ ಸಾಲಿತ್ತು. ಆದರೆ ಈ ಸಲದ ನಾಳೆ ಹರಕೆಯ ದಿನ.

ಸಿಂಹ ಕಂಡೆನೆಂಬ ಸುಳ್ಳೇನೂ ಅವಳದಲ್ಲ. ಎಂಬತ್ತೆರಡನೇ ಇಸವಿಯಲ್ಲಿ ಬಿ.ಎ. ಮುಗಿಸಿದ ಕೈಯಲ್ಲೇ ಅಕ್ಕನ ಬಾಣಂತನಕ್ಕೆಂದು ಇಥಿಯೋಪಿಯಾಕ್ಕೆ ಹೋಗಿದ್ದಳು. ಭಾವ ಪಾಲಾಕ್ಷಪ್ಪ ಅಲ್ಲಿ ಲೆಕ್ಕದ ಮೇಷ್ಟ್ರು. ನಾದಿನಿಗೆ ಸಿಂಹ ತೋರಿಸುತ್ತೇನೆಂದು ಜೀಪು ಹತ್ತಿಸಿ ಮೂರು ದಿನ ಬೆಟ್ಟದ ಕಾಡು ಸುತ್ತಿಸಿದ. ಮರಮರಕ್ಕೂ ಅಜ್ಜಂದಿರ ಗಡ್ಡದಂಥ ಪಾಚಿ. ಆ ಚಳಿಗೆ ಸಿಂಹವೂ ಕಂಬಳಿ ಕೇಳಬೇಕು. ಕಂಡದ್ದು ಕಾಡುಹಂದಿ, ತಿರುಚಿದ ಕೋಡಿನ ಜಿಂಕೆ, ಕಾಡು ಮುಗಿದು ಹುಲ್ಲು ಶುರುವಾದಲ್ಲಿ ನಾಯಿಯಷ್ಟೇ ಎತ್ತರದ ಒಂದು ಕೆಂಪು ತೋಳ. ಅದು ಇವಳನ್ನು ನೋಡಿತು. ಇವಳು ಅದನ್ನು ನೋಡಿದಳು. ಆಮೇಲೆ ಅದು ಇಲಿ ಹುಡುಕಿಕೊಂಡು ಹೋಯಿತು.

“ಇದು ಲೆಕ್ಕಕ್ಕಿಲ್ಲ,” ಅಂದ ಭಾವ.

ಇಳಿಯುವ ದಾರಿಯ ಹಳ್ಳಿಯಲ್ಲಿ, ಹುಲ್ಲು ಹೊದಿಸಿದ ಗುಂಡು ಗುಡಿಸಲಿನ ಮುದುಕಿ ಕಣ್ಣೆದುರೇ ಕಾಫಿಬೀಜ ಹುರಿದು, ಕುಟ್ಟಿ, ಮೂರು ಸಲ ಕುಡಿಸಿದಳು. ಎರಡಕ್ಕೇ ಏಳಹೊರಟ ಭಾವನನ್ನು ಕೈಹಿಡಿದು ಕೂರಿಸಿದಳು. ಹೊರಗೆ ಗಂಡಸರು ಹೆಗಲಿಗೆ ಕಂಬಳಿ, ಕೈಗೆ ಕೋಲು. ಥೇಟ್ ಕೂಡ್ಲಿಗಿ ಸಂತೆಗೆ ಬಂದ ಕುರಿಗಾರರು. ಇದೆಲ್ಲ ಡೈರಿಯಲ್ಲಿ ಹನ್ನೊಂದು ಪುಟ.

ಭಾವ ಊರಿಗೆ ಬರೆದದ್ದು ಎರಡೇ ಸಾಲು: ‘ಹತ್ತು ಮಾರು ದೂರದಲ್ಲಿ ಸಿಂಹ. ದೇವರ ದಯೆಯಿಂದ ಕನಕಮ್ಮ ಉಳಿದಳು.’ ಮೂರು ದಿನ ಸುತ್ತಿಸಿಯೂ ತೋರಿಸಲಿಲ್ಲ ಅನ್ನಿಸಿಕೊಳ್ಳಲು ಅಳಿಯನಿಗೆ ಮನಸ್ಸಿರಲಿಲ್ಲ.

ಅಪ್ಪ ಗಾದಿಲಿಂಗಪ್ಪ ಆ ಕಾಗದವನ್ನು ಕಾನಹೊಸಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಗಟ್ಟಿಯಾಗಿ ಓದಿಸಿದ. ಮಗಳು ಜೀವಂತ ಬಂದರೆ ದುರುಗಮ್ಮಗೆ ಟಗರು ಕೊಡುತ್ತೇನೆಂದು ನಿಂತಲ್ಲೇ ಹರಕೆ ಹೊತ್ತ. ಮಗಳು ಬಂದಳು. ಟಗರೂ ಬಂತು. ಹದಿನೈದು ದಿನದಿಂದ ಅದು ಅವಳ ಕೈಯಿಂದಲೇ ಜೋಳ ತಿನ್ನುತ್ತಿತ್ತು; ಸಿಕ್ಕರೆ ಸೆರಗನ್ನೂ.

ಮರುದಿನ ಗುಡಿಯ ಮುಂದೆ ಪೂಜಾರಿ ಓಬಳೇಶಪ್ಪ ಟಗರಿನ ಮೇಲೆ ಒಂದು ಕೊಡ ನೀರು ಸುರಿದ. ಅದು ಮೈ ಒದರಿದರೆ ದೇವಿ ಒಪ್ಪಿದಳೆಂದು ಅರ್ಥ. ಒದರುವ ತನಕ ಕತ್ತಿ ಎತ್ತುವಂತಿಲ್ಲ.

ಟಗರು ಒದರಲಿಲ್ಲ. ಎರಡನೇ ಕೊಡಕ್ಕೆ ಕಣ್ಣು ಮುಚ್ಚಿ ನಿಂತಿತು, ದೀಪಾವಳಿಗೆ ನೀರು ಹಾಕಿಸಿಕೊಳ್ಳುವ ಹೊಸ ಅಳಿಯನಂತೆ.

“ಕಿವ್ಯಾಗ ಹಾಕ್ರಿ, ಒದರತೈತಿ,” ಅಂದಳು ಪಕ್ಕದ ಮನೆಯ ದ್ಯಾಮಕ್ಕ.

ಓಬಳೇಶಪ್ಪ ಕೊಡ ಇಳಿಸಿದ. “ಗಾದಿಲಿಂಗಾ, ಹರಕ್ಯಾಗ ಏನರ ಕೊರತಿ ಐತೇನ್ಲೇ?”

“ಕೊರತಿ ಎಂಥದ್ದು ಮಾವಾ? ಸಿಂಹ ಬಿಟ್ಟ ಮಗಳು ನಿಮ್ಮ ಮುಂದ ನಿಂತಾಳ. ಎಷ್ಟು ದೂರ ಇತ್ತು ಹೇಳವ್ವಾ ಕನಕಾ.”

“ಅಕಿ ಏನ್ ಹೇಳ್ತಾಳ?” ಅಂದಳು ದ್ಯಾಮಕ್ಕ. “ಸಿಂಹ ನೋಡಿದಾಗಿಂದ ಅಕಿ ಬಾಯಿ ಬಿದ್ದೈತಿ.”

ಸಿಂಹಕ್ಕೂ ಮೊದಲು ಆ ಬಾಯಿ ಅಷ್ಟೇ ಇತ್ತೆಂಬುದು ಯಾರಿಗೂ ನೆನಪಾಗಲಿಲ್ಲ.

ಮೂರನೇ ಕೊಡ ಬಂತು. ಟಗರು ಕಣ್ಣು ತೆರೆದು ಕನಕಮ್ಮನನ್ನೇ ನೋಡಿತು. ಅದರ ಬೆನ್ನಿನ ಚರ್ಮ ಸಣ್ಣಗೆ ನಡುಗತೊಡಗಿತ್ತು. ಈ ಕೊಡವೂ ಬಿದ್ದರೆ ಒದರುವುದೇ. ಕನಕಮ್ಮ ಕೊಡಕ್ಕೆ ಕೈ ಅಡ್ಡ ಹಿಡಿದಳು.

“ಯಪ್ಪಾ, ಸಿಂಹ ಇರಲಿಲ್ಲ. ನಾ ನೋಡಿದ್ದು ಒಂದು ತೋಳ. ಅದು ನನಗ ಏನೂ ಮಾಡ್ಲಿಲ್ಲ.”