ಅಪ್ಪನಿಗೆ ಮಾಡಿಕೊಟ್ಟ ಮಾರ್ಟಿನಿ

ಹನ್ನೊಂದು ವರ್ಷ ನಾನು ಹೋಟೆಲೊಂದರ ಬಾರಿನಲ್ಲಿ ಮಾರ್ಟಿನಿ ಮಾಡಿದ್ದೇನೆ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಪ್ಪ 'ಹೋಟೆಲಿನಲ್ಲಿದ್ದಾಳೆ' ಎಂದು ಮಾತು ತೇಲಿಸಿಬಿಡುತ್ತಿದ್ದ. ಅದು ಸುಳ್ಳೇನಲ್ಲ. ಅಂಗಡಿಗಳ ತಕ್ಕಡಿ ರಿಪೇರಿ ಮಾಡುತ್ತಿದ್ದ ಆಸಾಮಿ. ಒಂದು ಗ್ರಾಂ ಆಚೀಚೆ ಆದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ, ಇನ್ನು ಸುಳ್ಳೆಲ್ಲಿಂದ ಹೇಳಬೇಕು. ಆದರೆ ನನ್ನ ಕೆಲಸವನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಲಿ ಎಂಬ ನನ್ನ ಆಸೆ ಅವನಿಗೆ ಮುಟ್ಟಲೇ ಇಲ್ಲ. ಹಟದಲ್ಲಿ ನಾನೂ ಅವನ ಮಗಳೇ. ಬಾ ಎಂದು ನಾನೂ ಕರೆಯಲಿಲ್ಲ.

ಹೋದ ವರ್ಷ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಪೇಪರು ಮಡಿಚಿಟ್ಟು ತಾನಾಗಿಯೇ ಬಾಯಿಬಿಟ್ಟ.

"ಅದೇನೋ ಮಾರ್ಟಿನಿ ಅಂತಾರಲ್ಲ, ಒಂದು ಮಾಡು ನೋಡೋಣ."

ಅಪ್ಪನ ಲಿವರ್ ಕೆಟ್ಟಿದೆ, ಒಂದು ತೊಟ್ಟೂ ಕೂಡದು ಎಂದು ಡಾಕ್ಟರು ಹೇಳಿ ಆಗಲೇ ತಿಂಗಳಾಗಿತ್ತು. ಇಲ್ಲ ಎಂದರೆ ಈ ಮನುಷ್ಯ ಜನ್ಮದಲ್ಲಿ ಇನ್ನೊಮ್ಮೆ ಕೇಳುವವನಲ್ಲ. ಅಡುಗೆಮನೆಗೆ ಹೋಗಿ ಜಿನ್ ಬಾಟಲಿ ತೆಗೆದೆ. ಅಪ್ಪ ಕುರ್ಚಿ ಬಿಟ್ಟೆದ್ದು ನನ್ನ ಹಿಂದೆಯೇ ಬಾಗಿಲಿಗೆ ಬಂದ. ಹೋಗಿ ಕೂತಿರು, ಅಲ್ಲಿಗೇ ತರುತ್ತೇನೆ ಎಂದು ಗದರಿಸಿ ಕಳಿಸಿದೆ. ಅಪ್ಪ ಹೋಗಿ ಕೂತ.

ನಮ್ಮ ಕಸುಬಿನಲ್ಲಿ ಒಂದು ಕಳ್ಳಾಟವಿದೆ. ಕುಡಿದು ತೂರಾಡುವವನು ಇನ್ನೊಂದು ಬೇಕೆಂದು ರಂಪ ಮಾಡಿದರೆ, ಗ್ಲಾಸಿನ ಅಂಚಿಗೆ ಜಿನ್ ಸವರಿ, ಒಳಗೆ ಬರೀ ಐಸ್‌ನೀರು ಸುರಿದು, ಮೇಲೆ ನಿಂಬೆಸಿಪ್ಪೆ ಹಿಂಡಿ ಕೊಡುತ್ತೇವೆ. ಮೂಗಿಗೆ ಮೋಸವಾದರೆ ನಾಲಿಗೆ ತಾನಾಗಿ ನಂಬುತ್ತದೆ. ಅದನ್ನೇ ಅಪ್ಪನಿಗೆ ಕೊಟ್ಟೆ. ಅಂಚಿಗೆ ಸವರಿದ್ದನ್ನೂ ಒರೆಸಿ ತೆಗೆದು, ಗ್ಲಾಸಿನ ಹೊರಮೈಗೆ ಮಾತ್ರ ಹಚ್ಚಿದೆ. ಅಪ್ಪ ಗುಟುಕು ಗುಟುಕಾಗಿ ಕುಡಿದು, ಗ್ಲಾಸು ಕೆಳಗಿಟ್ಟು, "ಪರವಾಗಿಲ್ಲ" ಎಂದ. ಅಪ್ಪನ ಬಾಯಲ್ಲಿ ಅದು ದೊಡ್ಡ ಮಾತು. ಗೆದ್ದೆ ಅಂದುಕೊಂಡೆ.

ಚಳಿಗಾಲ ಮುಗಿಯುವ ಮೊದಲೇ ಅಪ್ಪ ತೀರಿಕೊಂಡ.

ಮೊನ್ನೆ ಬೆಳಿಗ್ಗೆ ಅಪ್ಪನ ಜೀವದ ಗೆಳೆಯ ದರ್ಜಿ ಮಾಮ ಮನೆಗೆ ಬಂದರು. ಅದೂ ಇದೂ ಮಾತಾಡಿ, ಕೊನೆಗೆ ಸಂಕೋಚದಿಂದಲೇ ಕೇಳಿದರು: ನಿಮ್ಮಪ್ಪನಿಗೆ ಮಾಡಿಕೊಟ್ಟೆಯಂತಲ್ಲ, ಅದನ್ನು ನನಗೂ ಒಂದು ಮಾಡಿಕೊಡುತ್ತೀಯಾ? ಅಪ್ಪ ಅವರ ಅಂಗಡಿಯಲ್ಲಿ ಕೂತು, ಬಟ್ಟೆ ಹೊಲಿಸಲು ಬಂದವರಿಗೆಲ್ಲ ಮಗಳ ಕೈಗುಣ ಕೊಂಡಾಡಿದ್ದನಂತೆ. 'ಬಾರಿನಲ್ಲಿದ್ದಾಳೆ' ಎಂದು ಬಾಯಿತುಂಬ ಹೇಳಿದ್ದನಂತೆ.

ಈ ಸಲವಾದರೂ ಕೈ ಶುದ್ಧವಿರಲಿ ಎಂದುಕೊಂಡೆ. ಗ್ಲಾಸನ್ನು ಫ್ರೀಜರಿನಲ್ಲಿಟ್ಟೆ. ಐದು ಪಾಲು ಜಿನ್, ಒಂದು ಪಾಲು ವರ್ಮೂತ್ ವೈನು ಅಳೆದು ಐಸಿನ ಮೇಲೆ ಸುರಿದೆ. ಕುಲುಕದೆ, ಉದ್ದ ಚಮಚದಿಂದ ಸದ್ದಾಗದಂತೆ ಕಲಕಿ, ಸೋಸಿ, ನಿಂಬೆಸಿಪ್ಪೆ ಹಿಂಡಿ ಕೊಟ್ಟೆ. ಇಷ್ಟು ಚೆನ್ನಾಗಿ ನಾನು ಬಾರಿನಲ್ಲೂ ಮಾಡಿರಲಿಕ್ಕಿಲ್ಲ.

ಮಾಮ ಒಂದು ಗುಟುಕು ಕುಡಿದು ಕೆಮ್ಮಿದರು. ಕಣ್ಣಲ್ಲಿ ನೀರು ಬಂತು.

"ನೀರು ಕುಡಿದಷ್ಟು ಸಲೀಸಾಗಿ ಇಳಿಯುತ್ತೆ ಅಂದಿದ್ನಲ್ಲಮ್ಮ," ಎಂದು ನಗತೊಡಗಿದರು. "ಮಗಳ ಮೇಲಿನ ಮೋಹಕ್ಕೆ ಅವನೂ ಒಂದು ಸುಳ್ಳು ಹೇಳ್ಬಿಟ್ಟ ನೋಡು."

ಅಪ್ಪನ ಮೇಲೆ ಆ ಮಾತು ಉಳಿಯುವುದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಸುಳ್ಳು ಅಪ್ಪಂದಲ್ಲ ಮಾಮ, ನಂದು. ಅವತ್ತು ಕೊಟ್ಟಿದ್ದು ನೀರೇ." ಡಾಕ್ಟರು ಹೇಳಿದ್ದು, ನಾನು ಹೆದರಿದ್ದು ಎಲ್ಲ ಹೇಳಿದೆ.

ಮಾಮನ ನಗು ನಿಂತಿತು. ಗ್ಲಾಸನ್ನು ಕೆಳಗಿಟ್ಟರು.

"ಡಾಕ್ಟರು ಹೇಳಿದ್ದು ಅವನಿಗೂ ನೆನಪಿತ್ತು ಕಣಮ್ಮ. ಒಂದು ಗುಟುಕು ಬಾಯಿಗಿಟ್ಟು ಕೆಳಗಿಡ್ತೀನಿ ಅಂತ ನನ್ನ ಹತ್ರ ಹೇಳೇ ಬಂದಿದ್ದ. ಅವನಿಗೆ ಕುಡಿಯೋದು ಎಲ್ಲಿ ಬೇಕಿತ್ತು? ನೀನು ಅಳೆದು ಸುರಿಯೋದನ್ನ ಪಕ್ಕದಲ್ಲಿ ನಿಂತು ನೋಡ್ಬೇಕಿತ್ತು, ಅಷ್ಟೆ."

ಬಾಗಿಲವರೆಗೆ ಬಂದಿದ್ದ, ನಾನೇ ಗದರಿಸಿ ಕಳಿಸಿದೆ, ನನಗೆ ಅದು ಹೊಳೆಯಲೇ ಇಲ್ಲ ಎಂದೆ.