ಮೂಗಿನಪ್ಪನಿಗೆ ಆಯೇರಿ

ತಿಕೋಟಾದ ಅಮೋಘಿಯ ಹಟ್ಟಿಯಲ್ಲಿ ಕುರಿ ಎಷ್ಟಿದ್ದವೋ ಬಾಯಲ್ಲಿ ಅದಕ್ಕಿಂತ ಹೆಚ್ಚು ಕಥೆಗಳಿದ್ದವು. ಹರೆಯದಲ್ಲಿ ಬಬಲೇಶ್ವರದ ನಾಟಕದಲ್ಲಿ ರಾಜನ ಪಾರ್ಟು ಮಾಡಿದಾಗ ಬಿದ್ದ ಆಯೇರಿಯದು ಎಲ್ಲಕ್ಕಿಂತ ದೊಡ್ಡ ಕಥೆ. ನಮ್ಮ ಕಡೆ ನಾಟಕವೆಂದರೆ ಹಾಗೆಯೇ: ಆಟದ ನಟ್ಟನಡುವೆ ಬೀಗರು, ಗೆಳೆಯರು ರಂಗ ಹತ್ತಿ ಪಾತ್ರಧಾರಿಗೆ ಬಟ್ಟೆ ಹೊದಿಸಿ, ಕೊಟ್ಟವರ ಹೆಸರು ಕೂಗಿ ಇಳಿಯುತ್ತಾರೆ. ಅದೇ ಆಯೇರಿ. ಅಷ್ಟು ಹೊತ್ತು ಆಟ ನಿಂತರೂ ಯಾರೂ ಗೊಣಗುವುದಿಲ್ಲ, ಆಯೇರಿ ಬೀಳದವನಿಗೇ ಅವಮಾನ. ಅಮೋಘಿಗೆ ಟಾವೆಲ್ಲಿನ ಮೇಲೆ ಟಾವೆಲ್ಲು ಬಿದ್ದು ಬಿದ್ದು ರಾಜನ ಮುಖವೇ ಮುಚ್ಚಿಹೋಗಿ, ಕತ್ತಿ ಎಲ್ಲಿದೆಯೆಂದು ಕಾಣದೆ, ಕೊನೆಗೆ ವೈರಿ ರಾಜನೇ ಅದನ್ನು ಎತ್ತಿ ಅವನ ಕೈಗೆ ಕೊಟ್ಟು ಮರ್ಯಾದೆಯಿಂದ ಸತ್ತನಂತೆ!

ಸಾಲಿಯ ಕಟ್ಟೆ ಹತ್ತದ ಅಮೋಘಿ ಪಾರ್ಟು ಕಲಿಯುತ್ತಿದ್ದುದು ಬರೀ ಕಿವಿಯಿಂದ. ಪೇಟಿ ಬಾರಿಸುತ್ತ ನಾಟಕ ಕಲಿಸುವ ಮಾಸ್ತರ ಒಮ್ಮೆ ಅಂದರೆ ಮುಗಿಯಿತು, ಆ ಮಾತು ಸಾಯುವ ತನಕ ಅವನದು.

ಮಗಳು ಸುವರ್ಣಾ ದಿನಾ ಬಸ್ಸು ಹಿಡಿದು ವಿಜಯಪುರದ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಮುಬೀನ ಮೇಡಂ ಇಂಗ್ಲಿಷ್ ಕ್ಲಾಸಿನಲ್ಲಿ ಫ್ರಾನ್ಸ್ ದೇಶದ ಹಳೆಯ ಪ್ರೇಮದ ನಾಟಕವೊಂದನ್ನು ಪಾಠಕ್ಕೆ ಹಚ್ಚಿದ್ದರು. ಉದ್ದ ಮೂಗಿನ ಸಿಪಾಯಿಯೊಬ್ಬ ಹುಡುಗಿಯೊಬ್ಬಳ ಮೇಲೆ ಜೀವ ಇಟ್ಟಿದ್ದಾನೆ, ಮೂಗಿಗೆ ನಾಚಿ ಬಾಯಿಬಿಡುವುದಿಲ್ಲ. ಅವಳನ್ನೇ ಮೆಚ್ಚಿದ ಇನ್ನೊಬ್ಬನಿಗೆ ರೂಪವಿದೆ, ಮಾತಿಲ್ಲ. ಬಾಲ್ಕನಿಯ ಕೆಳಗೆ ಚೆಲುವ ನಿಲ್ಲುತ್ತಾನೆ, ಕತ್ತಲಲ್ಲಿ ಅಡಗಿ ಮೂಗಿನವನು ಮಾತು ಹೇಳಿಕೊಡುತ್ತಾನೆ. ಈ ಕಥೆಯನ್ನು ಸುವರ್ಣಾ ಕುರಿ ಹಟ್ಟಿಯಲ್ಲಿ ಅಪ್ಪನಿಗೆ ಹೇಳಿದಳು.

“ಅಲ್ಲಬೇ, ಮಾತೆಲ್ಲಾ ಮೂಗಿನಪ್ಪಂದು, ಹುಡುಗಿ ಮಾತ್ರ ಆ ಚಂದ ಮಾರಿಯಂವಗ?”

“ಹೂಂನಪಾ.”

“ಆ ಊರಾಗ ಪಂಚರು ಇಲ್ಲೇನ? ನಾ ಇದ್ನೆಂದ್ರ ಮೂಗಿನಪ್ಪನ್ನ ಕೈ ಹಿಡದು ಬೆಳಕಿಗೆ ತಂದು ನಿಲ್ಲಿಸ್ತಿದ್ದೆ ನೋಡು.”

ಸುವರ್ಣಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಆ ದೃಶ್ಯವನ್ನು ಕಾಲೇಜಿನ ಸಭಾಂಗಣದಲ್ಲಿ ಆಡುವುದೆಂದು ನಿಶ್ಚಯವಾಗಿ, ಬಾಲ್ಕನಿಯ ಹುಡುಗಿಯ ಪಾರ್ಟು ತನಗೇ ಬಂದಾಗ ಮಾತ್ರ ಅಪ್ಪನಿಗೆ ಹೇಳಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ದೊಡ್ಡ ಬಟ್ಟೆ ಅಂಗಡಿಯಿದ್ದ ಮನೆಯ ಕಾವ್ಯಾ ಅವಳ ಗೆಳತಿ. ಅವಳ ಮುಂದೆ ಸುವರ್ಣಾ, “ನಮ್ಮಪ್ಪ ಬಿಸಿನೆಸ್ ಮಾಡ್ತಾರ” ಅಂದಿದ್ದಳು. ಕುರಿ ಮಾರುವುದೂ ಬಿಸಿನೆಸ್ಸೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಗುಟ್ಟು ಒಡೆದವನು ರಿಯಾಜ. ಅವಳದೇ ಕ್ಲಾಸು, ತಿಕೋಟಾ ಬಸ್ ಸ್ಟ್ಯಾಂಡಿನೆದುರು ಅವನ ಅಪ್ಪನ ಮೊಬೈಲ್ ಅಂಗಡಿ. “ಕಾಕಾ, ನಾಳೆ ನಿಮ್ಮ ಸುವರ್ಣಾಂದು ನಾಟಕ ಐತಲ್ಲ, ಹೊಂಟಿಲ್ಲೇನ?” ಎಂದು ಬಹಳ ಪ್ರೀತಿಯಿಂದಲೇ ಕೇಳಿಬಿಟ್ಟ.

ಮರುದಿನ ಬೆಂಚಿನ ಮೇಲೆ ಬೆಂಚಿಟ್ಟು, ಬೆಡ್‌ಶೀಟ್ ಇಳಿಬಿಟ್ಟು ಮಾಡಿದ ಬಾಲ್ಕನಿಯ ಮೇಲೆ ಸುವರ್ಣಾ ನಿಂತಿದ್ದಳು. ಕೆಳಗೆ ಚೆಲುವ. ಗಿಡದ ಕುಂಡಗಳ ಹಿಂದೆ, ರಟ್ಟಿನ ಮೂಗು ಕಟ್ಟಿಕೊಂಡು ಕೂತಿದ್ದವನು ರಾಜರತ್ನ. ಸಭೆಯಲ್ಲಿ ಸೊಳ್ಳೆ ಹಾರಿದರೂ ಕೇಳುವಷ್ಟು ನಿಶ್ಶಬ್ದ. ಅಷ್ಟರಲ್ಲಿ ಹಿಂದಿನಿಂದ ಹಳದಿ ರುಮಾಲೊಂದು ಎದ್ದು, ಕುರ್ಚಿಗಳ ನಡುವೆ ಹಾಯ್ದು, ಸೀದಾ ಮೆಟ್ಟಿಲು ಹತ್ತಿತು. ಹೆಗಲ ಮೇಲೆ ಕಂಬಳಿ, ಬಗಲಲ್ಲಿ ಗಂಟು.

ಅಮೋಘಿ ಕುಂಡದ ಹಿಂದೆ ಬಗ್ಗಿ, ರಾಜರತ್ನನ ರಟ್ಟೆ ಹಿಡಿದು ಬೆಳಕಿಗೆ ಎಳೆದು ತಂದ.

“ತಿಕೋಟಾದ ಅಮೋಘಿ ಮಾಡೂ ಆಯೇರಿ!” ಧ್ವನಿ ಸೂರಿಗೆ ಬಡಿಯಿತು. “ಈ ಮೂಗಿನಪ್ಪಗ ಟಾವೆಲ್! ಮಾತು ಇವಂದು, ಮಾನಾನೂ ಇವಂದು! ಮ್ಯಾಲ ನಿಂತ ಹುಡಿಗಿಗೆ ಖಣ!”

ಬೆಂಚಿನ ಮೇಲಕ್ಕೆ ಕೈ ಚಾಚಿ ಕುಪ್ಪಸಕ್ಕೆಂದು ತಂದ ಖಣದ ಬಟ್ಟೆಯನ್ನು ಸುವರ್ಣಾಳ ಭುಜಕ್ಕೆ ಹೊದಿಸಿದ. ಸಭೆ ನಕ್ಕಿತು ನೋಡಿ, ಕಿಟಕಿಯ ಗಾಜು ಅದುರುವಷ್ಟು. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲರು ಕೈಗಡಿಯಾರ ನೋಡಿಕೊಂಡರು. ಕಾವ್ಯಾ ಬಾಯಿಗೆ ವೇಲು ಒತ್ತಿಕೊಂಡಿದ್ದಳು. ಮುಬೀನ ಮೇಡಂ ಪರದೆಯ ಬದಿಯಿಂದ ಗಾಬರಿಯಲ್ಲಿ ಇಂಗ್ಲಿಷಿನಲ್ಲೇ ಕೇಳಿದರು, ಇವರು ಯಾರು, ನಿನಗೆ ಗೊತ್ತೇ ಎಂದು.

ಸುವರ್ಣಾಳ ಬಾಯಿ ಆಗಲೇ ಇಂಗ್ಲಿಷಿಗೆ ತಿರುಗಿತ್ತು. ಬಾಲ್ಕನಿಯ ಹುಡುಗಿಯ ಅದೇ ಎತ್ತರದ ದನಿಯಲ್ಲಿ ಅಂದಳು:

“ಐ ಡೋಂಟ್ ನೋ ದಿಸ್ ಮ್ಯಾನ್.”

ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ.

ಅಮೋಘಿಯ ಮುಖ ಅರಳಿತು. ಮಗಳು ಸಭೆಯ ಮುಂದೆ, ತನ್ನನ್ನೇ ನೋಡಿ, ತನಗಾಗಿಯೇ ಒಂದು ಡೈಲಾಗು ಹೊಡೆದಿದ್ದಳು! ಪ್ಯೂನ ಬಂದು ತೋಳು ಹಿಡಿದರೆ ಅದೂ ಒಂದು ಮರ್ಯಾದೆಯೆಂದೇ ತಿಳಿದು, ನಾಲ್ಕೂ ದಿಕ್ಕಿಗೆ ಕೈಮುಗಿಯುತ್ತ ಇಳಿದು ಹೋದ.

ಸಂಜೆ ಮಗಳ ಜೊತೆ ಊರಿಗೆ ಮರಳುವ ಬಸ್ಸಿನಲ್ಲಿ ಅವನು ಕಂಡಕ್ಟರನನ್ನು ಬಿಡಲಿಲ್ಲ. “ಏನ್ ಮಂದಿ ಅಂತೀರಿ! ಕುಂತವ್ರು ಕುಂತಂಗ ಎದ್ದರು. ನನ್ನ ಮಗಳು ನನ್ನ ನೋಡಿ ಏನಂದ್ಲು ಗೊತ್ತೈತೇನ್ರಿ?” ಗಂಟಲು ಸರಿಮಾಡಿಕೊಂಡು, ಮಗಳದೇ ರಾಗದಲ್ಲಿ, ಒಂದಕ್ಷರ ಆಚೀಚೆ ಆಗದಂತೆ ಅಂದ: “ಐ ಡೋಂಟ್ ನೋ ದಿಸ್ ಮ್ಯಾನ್!”

ಕಂಡಕ್ಟರ್ ಸುವರ್ಣಾಳನ್ನು ಒಮ್ಮೆ ನೋಡಿದ. ಮುಂದಿನ ಸೀಟಿಗೆ ಹೋದ. ಅವಳು ಕಿಟಕಿಗೆ ಹಣೆ ಹಚ್ಚಿದಳು. ಬಸ್ಸು ಕುಲುಕಿದಾಗೆಲ್ಲ ಹಣೆ ಬಡಿಯಿತು, ತೆಗೆಯಲಿಲ್ಲ.

ಆ ಮಾತು ಊರ ತುಂಬ ತಿರುಗಿತು. ಹಾಲು ಹಾಕುವಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಕಥೆಯೂ ಬೆಳೆಯಿತು: ಪ್ರಿನ್ಸಿಪಾಲರು ಬಂದು ಕಾಲು ಮುಟ್ಟಿದ್ದರು, ರಟ್ಟಿನ ಮೂಗು ಆನಂದದಿಂದ ಅತ್ತಿತ್ತು. ಮನೆಯಲ್ಲಿ ಅವ್ವ ರಾಚವ್ವ ಆ ಖಣದಲ್ಲಿ ಕುಪ್ಪಸ ಹೊಲಿಸಿ ಹಾಸಿಗೆಯ ಮೇಲಿಟ್ಟಳು. ಸುವರ್ಣಾ ಅದನ್ನು ಮುಟ್ಟಲಿಲ್ಲ.

ರಿಯಾಜ ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದ. “ನಿಮ್ಮಪ್ಪ ನಮ್ಮ ಅಂಗಡ್ಯಾಗ ಬಂದು ಅದನ್ನ ಹೇಳಾಕತ್ತಾನ. ಇಂಗ್ಲಿಷ್ ಬಲ್ಲಂವ ಯಾವನರ ನಿಂತಿದ್ದಂದ್ರ ನಕ್ಕೊಂತ ಅರ್ಥಾ ಹೇಳತಾನ. ನಿನ್ನ ಬಾಯಿಂದ ಕೇಳ್ಲಿ, ಸುವರ್ಣಾ. ಮಂದಿ ಬಾಯಿಂದ ಬ್ಯಾಡ.”

ಮುಂಜಾನೆ ಅಮೋಘಿ ಹಟ್ಟಿಯಲ್ಲಿ ಮರಿಗಳನ್ನು ತಾಯಂದಿರಿಗೆ ಬಿಡುತ್ತಿದ್ದ. ಯಾವ ಮರಿ ಯಾವುದರದೆಂದು ಅವನು ನೋಡಬೇಕಾಗಿರಲಿಲ್ಲ, ಅರಚಿದರೆ ಸಾಕು. ಸುವರ್ಣಾ ಬೇಲಿ ಹಿಡಿದು ನಿಂತಳು.

“ಯಪ್ಪಾ, ಆ ಮಾತು ನಾಟಕದಾಗ ಇರಲಿಲ್ಲ.”

“ಗೊತ್ತೈತಿ ತಗೋ. ನನಗಂತ ಜೋಡಿಸಿ ಹೇಳಿದಿ.”

“ಈ ಮನಷ್ಯಾ ಯಾರೋ ನನಗ ಗೊತ್ತಿಲ್ಲ ಅಂದೆ. ಮೇಡಂ ಕೇಳಿದ್ರು. ನಾ... ಹಂಗಂದೆ.”

ಅಮೋಘಿಯ ಕೈಯಲ್ಲಿದ್ದ ಮರಿ ಒದ್ದಾಡಿತು. ಅವನು ಅದನ್ನು ಕೆಳಗಿಳಿಸಿದ. ಅದು ತಪ್ಪು ಕುರಿಯ ಕಡೆಗೆ ಓಡಿತು, ಅವನು ನೋಡಲಿಲ್ಲ. ಹೆಗಲ ಮೇಲಿನ ಕಂಬಳಿ ತೆಗೆದು ಮಡಚಿದ.

“ಕಂಬಳಿ ಹೊಚಗೊಂಡು ಬರಬಾರದಿತ್ತೇನವಾ?” ಎಂದ.

ಅವಳಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. “ಹಂಗಲ್ಲಪಾ...” ಅಂದಳು. ಹಾಗೆಯೇ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು.

“ಬಸ್ಸಿಗೆ ಹೊತ್ತಾತು, ನಡಿ,” ಎಂದು ಅವನು ತಪ್ಪಿಸಿಕೊಂಡ ಮರಿಯ ಹಿಂದೆ ಹೋದ.

ಸುವರ್ಣಾ ಒಳಗೆ ಹೋಗಿ ಖಣದ ಕುಪ್ಪಸ ತೊಟ್ಟು ಬಸ್ ಸ್ಟ್ಯಾಂಡಿಗೆ ಬಂದಳು. ಸ್ವಲ್ಪ ಹೊತ್ತಿಗೆ ಅಮೋಘಿಯೂ ಮೊಬೈಲಿಗೆ ಕರೆನ್ಸಿ ಹಾಕಿಸಲು ರಿಯಾಜನ ಅಂಗಡಿಗೆ ಬಂದ. ಕಟ್ಟೆಯ ಮೇಲಿದ್ದವರು ಬಿಡುವರೇ?

“ಅಮೋಘಣ್ಣಾ, ಹೊಡಿಯಪಾ ಆ ಇಂಗ್ಲಿಷ್ ಡೈಲಾಗ!”

ಅಮೋಘಿ ರಸ್ತೆಯಾಚೆ ನೋಡಿದ. ಮಗಳನ್ನೂ, ಖಣವನ್ನೂ ಕಂಡ. ಕಣ್ಣು ಕೆಳಗಿಳಿಸಿದ.

“ಮರ್ತೇನೋ.”

“ನೀ? ಮರ್ತಿ? ಬಬಲೇಶ್ವರದ ಪಾರ್ಟು ಇವತ್ತಿಗೂ ಒದರ್ತಿ!”

“ಅದು ಕನ್ನಡ. ಇದು ನಿಲ್ಲಲಿಲ್ಲ ತಲ್ಯಾಗ.”

“ಹೋಗ್ಲಿ, ಟಾವೆಲ್ಲಿಂದರ ಹೇಳು. ಎಷ್ಟು ಬಿದ್ದಿದ್ದವು?”

“ಒಂದು ಬಿದ್ದಿತ್ತು,” ಎಂದ ಅಮೋಘಿ.

ಕಟ್ಟೆಯವರು ಇದೂ ಹೊಸ ತಮಾಷೆಯೆಂದು ನಕ್ಕರು. ಬಸ್ಸು ಬಂತು. ಹತ್ತಿದವರ ನಡುವೆ ಸುವರ್ಣಾ ಇರಲಿಲ್ಲ. ಅವಳು ರಸ್ತೆ ದಾಟಿ, ನಗುತ್ತಿದ್ದವರ ಮುಂದೆಯೇ ಅಪ್ಪನ ಪಕ್ಕಕ್ಕೆ ಬಂದು ನಿಂತಳು. ಅಮೋಘಿ ಅವಳಿಗೆ ಜಾಗ ಬಿಟ್ಟು ಸರಿದ, ಗುರುತಿಲ್ಲದವರು ಯಾರಾದರೂ ಬಂದರೆ ಸರಿಯುವ ಹಾಗೆ.